ಫ್ಲೂ ಲಸಿಕೆ: ಮೂರರದ್ದೋ ನಾಲ್ಕರದ್ದೋ, ಉತ್ತರದ್ದೋ ದಕ್ಷಿಣದ್ದೋ?

ಬೇಸಿಗೆ ಮುಗಿಯುತ್ತ ಬಂದಂತೆ ನನಗೆ ಬರುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ಶಿಡ್ಲಘಟ್ಟದ ಓದುಗರೊಬ್ಬರಿಗೆ ಅಂಗಡಿಯವರು ಮೂರು ತಳಿಯ (ಅಂದರೆ ಫ್ಲೂ ವೈರಾಣುವಿನ ಮೂರು ರೂಪಗಳ ಎದುರು ಕೆಲಸ ಮಾಡುವ) ಫ್ಲೂ ಲಸಿಕೆಯನ್ನೂ ನಾಲ್ಕು ತಳಿಯದನ್ನೂ ಮುಂದಿಟ್ಟು ‘ಯಾವುದು ಬೇಕು ನೀವೇ ಹೇಳಿ’ ಎಂದರಂತೆ. ಗೌರಿಬಿದನೂರಿನ ತಾಯಿಯೊಬ್ಬರಿಗೆ ಮಗುವಿಗೆ ಸೂಜಿ ಹಾಕಿಸುವುದೋ ಮೂಗಿಗೆ ಸಿಂಪಡಿಸುವುದನ್ನು ಹುಡುಕುವುದೋ ಎಂಬ ಗೊಂದಲ. ಚಿಂತಾಮಣಿ ಕಡೆಯ ಟೊಮೆಟೊ ಬೆಳೆಗಾರರೊಬ್ಬರು ಸುತ್ತಿ ಬಳಸಿ ಕೇಳಲಿಲ್ಲ: “ಅಣ್ಣಾ, ಮನೆಯಲ್ಲಿ ಐದು ಜನ. ಐವರಿಗೂ ಹಾಕಿಸುವಷ್ಟು ದುಡ್ಡಿಲ್ಲ. ಯಾರಿಗೆ ಹಾಕಿಸಲಿ? ಇಲ್ಲ, ಯಾರಿಗೂ ಬೇಡವೋ?”

ನಾನು ವೈದ್ಯನಲ್ಲ, ಚಿಂತಾಮಣಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನು. ದುಬಾರಿ ಪೆಟ್ಟಿಗೆಯನ್ನು ಹೊಗಳಿದರೆ ನನಗೇ ಲಾಭ. ಹಾಗಿದ್ದೂ ಹೇಳುತ್ತೇನೆ, ಮೂರೋ ನಾಲ್ಕೋ ಎಂಬ ಪ್ರಶ್ನೆಗೆ ಜನ ಕೊಡುವ ಮಹತ್ವದಲ್ಲಿ ಕಾಲುಭಾಗವನ್ನೂ ನಾನು ಕೊಡುವುದಿಲ್ಲ.

ಲಸಿಕೆಯನ್ನು ತೂಗಲು ನಾನು ನೋಡುವುದು ಇಷ್ಟು. ಮೊದಲು, ಪೆಟ್ಟಿಗೆಯೊಳಗಿನ ತಳಿ ಎಷ್ಟು ಹೊಸದು. ಆಮೇಲೆ, ನಮ್ಮ ಕಡೆ ಫ್ಲೂ ಏರುವ ತಿಂಗಳಿಗೂ ಸೂಜಿ ಹಾಕಿಸಿಕೊಂಡ ದಿನಕ್ಕೂ ಎಷ್ಟು ಅಂತರ. ಮೂರನೆಯದು ಹಾಕಿಸಿಕೊಳ್ಳುವವರ ವಯಸ್ಸು, ಕಾಯಿಲೆ. ಕೊನೆಗೆ ಬೆಲೆ. ಎಷ್ಟು ತಳಿಯದ್ದು, ಯಾವ ಕಂಪನಿಯದ್ದು ಎಂಬುದೆಲ್ಲ ಇವುಗಳ ಹಿಂದೆ ನಿಲ್ಲಬೇಕಾದ ಸಂಗತಿಗಳು. ಕೌಂಟರಿನ ಮುಂದೆ ನಿಂತವರು ಕೇಳುವ ಕ್ರಮ ಇದಕ್ಕೆ ತದ್ವಿರುದ್ಧ. ಬೆಲೆ ಕೇಳುತ್ತಾರೆ, ಕಂಪನಿ ಕೇಳುತ್ತಾರೆ, ಮೂರೋ ನಾಲ್ಕೋ ಎಂದು ಚರ್ಚಿಸುತ್ತಾರೆ. ಯಾವ ವರ್ಷದ್ದು ಎಂದು ಕೇಳುವವರೇ ಇಲ್ಲ.

ವರ್ಷ ಏಕೆ ಮೊದಲು?

ದಡಾರದ ಲಸಿಕೆಯನ್ನು ದಶಕಗಳಿಂದ ಅದೇ ಹಳೆಯ ತಳಿಯಿಂದ ತಯಾರಿಸುತ್ತಿದ್ದಾರೆ, ಅದು ಇವತ್ತಿಗೂ ಕೆಲಸ ಮಾಡುತ್ತದೆ. ಫ್ಲೂ ವೈರಾಣುವಿನ ವಿಷಯದಲ್ಲಿ ಆ ನೆಮ್ಮದಿ ಇಲ್ಲ. ಇದರ ವಂಶವಾಹಿ ಎಂಟು ಆರ್‌ಎನ್‌ಎ ತುಂಡುಗಳಲ್ಲಿದೆ. ಅವನ್ನು ನಕಲು ಮಾಡುವ ಕಿಣ್ವಕ್ಕೆ ತನ್ನ ತಪ್ಪನ್ನು ತಾನೇ ನೋಡಿ ತಿದ್ದುವ ಶಕ್ತಿ ಇಲ್ಲವಾದ್ದರಿಂದ ಪ್ರತಿ ಪೀಳಿಗೆಯಲ್ಲೂ ಅಕ್ಷರ ತಪ್ಪುಗಳು ಉಳಿಯುತ್ತವೆ. ಹೆಚ್ಚಿನ ತಪ್ಪುಗಳು ವೈರಾಣುವಿಗೇ ಮುಳುವು. ಕೆಲವು ಮಾತ್ರ ಅದರ ಮೈಮೇಲಿನ ಹಿಮಾಗ್ಲುಟಿನಿನ್ ಎಂಬ ಪ್ರೋಟೀನಿನ ಆಯಕಟ್ಟಿನ ಜಾಗದಲ್ಲಿ ಬೀಳುತ್ತವೆ. ನಮ್ಮ ಗಂಟಲಿನ ಕೋಶಕ್ಕೆ ವೈರಾಣು ಅಂಟಿಕೊಳ್ಳುವುದು ಈ ಪ್ರೋಟೀನಿನಿಂದ, ನಮ್ಮ ಪ್ರತಿಕಾಯಗಳು ಅದನ್ನು ಹಿಡಿಯುವುದೂ ಇಲ್ಲಿಯೇ. ಹಿಡಿತ ತಪ್ಪಿಸಿಕೊಂಡ ರೂಪಕ್ಕೆ ಊರೆಲ್ಲ ಹರಡಲು ದಾರಿ ತೆರೆಯುತ್ತದೆ. ಹಿಂದಿನ ರೂಪ ಹಿಂದೆ ಬೀಳುತ್ತದೆ.

ಇದಕ್ಕೆ ಭಾರೀ ಬದಲಾವಣೆಯೇನೂ ಬೇಕಿಲ್ಲ ಎಂಬುದೇ ತಮಾಷೆ. 1968ರಿಂದ 2003ರವರೆಗಿನ ಎಚ್3ಎನ್2 (‘ಎ’ ಬಗೆಯ ಫ್ಲೂನ ಒಂದು ಉಪಬಗೆ) ವೈರಾಣುಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದ್ದು ಹೀಗೆ: ಅಷ್ಟು ವರ್ಷಗಳಲ್ಲಿ ಪ್ರತಿಕಾಯಗಳ ಕಣ್ಣು ತಪ್ಪಿಸಿದ ದೊಡ್ಡ ಜಿಗಿತಗಳಿಗೆಲ್ಲ ಮುಖ್ಯ ಕಾರಣ ಹಿಮಾಗ್ಲುಟಿನಿನ್‌ನ ಕೇವಲ ಏಳು ಸ್ಥಾನಗಳು, ಅನೇಕ ಸಲ ಅವುಗಳಲ್ಲಿ ಒಂದೇ ಒಂದರ ಬದಲಾವಣೆ. ಏಳೂ ಇರುವುದು ಕೋಶಕ್ಕೆ ಅಂಟುವ ಗುಳಿಯ ಅಂಚಿನಲ್ಲಿ.

ಇದನ್ನು ನೀವೇ ಕಣ್ಣಾರೆ ನೋಡಬಹುದು, ಪ್ರಯೋಗಾಲಯ ಬೇಕಿಲ್ಲ. ಲಸಿಕೆಯ ಪೆಟ್ಟಿಗೆಯನ್ನೋ ಒಳಗಿನ ಮಡಚಿದ ಕಾಗದವನ್ನೋ ಬೆಳಕಿಗೆ ಹಿಡಿದು ಓದಿ. ‘ಎ/ಕ್ರೊಯೇಷಿಯಾ/10136ಆರ್‌ವಿ/2023’ ಎಂಬಂಥ ಸಾಲುಗಳಿರುತ್ತವೆ. ಮೊದಲ ಅಕ್ಷರ ವೈರಾಣುವಿನ ಬಗೆ, ಆಮೇಲೆ ಅದು ಸಿಕ್ಕ ಊರು ಅಥವಾ ದೇಶ, ನಂತರ ಪ್ರಯೋಗಾಲಯದ ಸಂಖ್ಯೆ, ಕೊನೆಯಲ್ಲಿ ಸಿಕ್ಕ ವರ್ಷ. ‘ಬಿ’ ಬಗೆಯ ವಿಕ್ಟೋರಿಯಾ ವಂಶಕ್ಕೆ 2022ರ ಲಸಿಕೆಯಿಂದ 2026ರ ದಕ್ಷಿಣ ಗೋಳಾರ್ಧದ ಲಸಿಕೆಯವರೆಗೂ ಇರುವುದು ಒಂದೇ ಹೆಸರು: ಬಿ/ಆಸ್ಟ್ರಿಯಾ/1359417/2021. ಅದೇ ಅವಧಿಯಲ್ಲಿ ಎಚ್3ಎನ್2 ಸಾಲಿನಲ್ಲಿ ಡಾರ್ವಿನ್ ಹೋಗಿ ಥಾಯ್ಲೆಂಡ್ ಬಂತು, ಥಾಯ್ಲೆಂಡ್ ಹೋಗಿ ಕ್ರೊಯೇಷಿಯಾ ಬಂತು, ಕ್ರೊಯೇಷಿಯಾ ಜಾಗಕ್ಕೆ ಸಿಂಗಪುರ ಬಂತು. ಒಂದು ನಿಧಾನಿ, ಇನ್ನೊಂದು ಅವಸರದ್ದು. ಹಳೆಯ ಲಸಿಕೆ ಕೈಕೊಡುವುದೂ ಹೆಚ್ಚಾಗಿ ಈ ಅವಸರದ ಎಚ್3ಎನ್2 ಎದುರಿಗೇ.

ತಳಿಯ ಆಯ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಕೆಲಸ. 1952ರಿಂದ ನಡೆದುಕೊಂಡು ಬಂದಿರುವ ಅದರ ಜಾಲಕ್ಕೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯೂ ಸೇರಿದಂತೆ ನೂರಕ್ಕೂ ಹೆಚ್ಚು ದೇಶಗಳಿಂದ ಮಾಹಿತಿ ಬರುತ್ತದೆ. ಫೆಬ್ರವರಿಯಲ್ಲಿ ಕೂತು ಉತ್ತರ ಗೋಳಾರ್ಧದ ಮುಂದಿನ ಚಳಿಗಾಲಕ್ಕೆ, ಸೆಪ್ಟೆಂಬರಿನಲ್ಲಿ ಕೂತು ದಕ್ಷಿಣ ಗೋಳಾರ್ಧದ ಮುಂದಿನ ವರ್ಷಕ್ಕೆ ತಳಿಗಳನ್ನು ಹೆಸರಿಸುತ್ತಾರೆ. ಹೆಸರಿಸಿದ ಮೇಲೆ ಲಸಿಕೆ ತಯಾರಾಗಲು ಸುಮಾರು ಆರು ತಿಂಗಳು. ಕೋಲಾರದ ಮಂಡಿಯ ಇವತ್ತಿನ ದರ ನೋಡಿ ಟೊಮೆಟೊ ನಾಟಿ ಮಾಡಿದವನ ಪಾಡೇ ಇದು: ಬುಟ್ಟಿ ತುಂಬುವ ಹೊತ್ತಿಗೆ ದರ ಅದೇ ಇದ್ದರೆ ಪುಣ್ಯ.

2025ರಲ್ಲಿ ದರ ಬದಲಾಯಿತು. ಆ ಫೆಬ್ರವರಿಯಲ್ಲಿ ಕ್ರೊಯೇಷಿಯಾ ತಳಿಯನ್ನು ಆರಿಸಿ ಆದ ಮೇಲೆ ಎಚ್3ಎನ್2 ವಂಶದಲ್ಲಿ ‘ಉಪಗುಂಪು ಕೆ’ ಎಂದು ಕರೆಯುವ ಹೊಸ ಕವಲು ಬಲಿಯಿತು. ಹಿಮಾಗ್ಲುಟಿನಿನ್‌ನಲ್ಲಿ ಹಲವು ಹೊಸ ಬದಲಾವಣೆ. ಅವುಗಳಲ್ಲಿ 158 ಮತ್ತು 189ನೆಯ ಸ್ಥಾನಗಳು ಮೇಲೆ ಹೇಳಿದ ಏಳು ಆಯಕಟ್ಟಿನ ಜಾಗಗಳ ಪೈಕಿಯವೇ. ಜಪಾನ್, ಬ್ರಿಟನ್, ಕೆನಡಾಗಳಲ್ಲಿ ಫ್ಲೂ ಋತು ಎಂದಿಗಿಂತ ಬೇಗ ಆರಂಭವಾಯಿತು. ಹಾಗೆಂದು ಲಸಿಕೆ ನೀರಾಗಲಿಲ್ಲ. ಬ್ರಿಟನ್ನಿನ ಆರೋಗ್ಯ ಭದ್ರತಾ ಸಂಸ್ಥೆಯ ಆರಂಭಿಕ ಲೆಕ್ಕದಂತೆ ಫ್ಲೂನಿಂದ ಆಸ್ಪತ್ರೆಯ ಮೆಟ್ಟಿಲು ಹತ್ತುವ ಸಾಧ್ಯತೆಯನ್ನು ಅದು ಮಕ್ಕಳಲ್ಲಿ ಶೇ 70ರಿಂದ 75, ದೊಡ್ಡವರಲ್ಲಿ ಶೇ 30ರಿಂದ 40ರಷ್ಟು ತಗ್ಗಿಸಿತ್ತು. ಒಳ್ಳೆಯ ಹೊಂದಾಣಿಕೆಯ ವರ್ಷಗಳಲ್ಲೂ ಫ್ಲೂ ಲಸಿಕೆಯಿಂದ ಸಿಗುವ ರಕ್ಷಣೆ ಒಟ್ಟಾರೆ ಶೇ 40ರಿಂದ 60. ‘ಹಾಕಿಸಿಕೊಂಡರೂ ಜ್ವರ ಬಂತು’ ಎಂದು ಜಗಳಕ್ಕೆ ಬರುವವರಿಗೆ ಈ ಅಂಕಿಗಳನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ನೆಗಡಿಗೆಲ್ಲ ಇದು ರಾಮಬಾಣವಲ್ಲ. ಐಸಿಯು ತಪ್ಪಿಸುವ ಸಾಧ್ಯತೆಗೆ ಕೊಡುವ ಹಣ.

ಉತ್ತರದ್ದೋ ದಕ್ಷಿಣದ್ದೋ

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಆಯ್ಕೆ ಇದು. ಭೂಪಟದಲ್ಲಿ ನಾವು ಉತ್ತರ ಗೋಳಾರ್ಧದವರು. ಫ್ಲೂ ಮಾತ್ರ ಭೂಪಟ ನೋಡಿ ಬರುವುದಿಲ್ಲ. ಯುರೋಪು, ಅಮೆರಿಕಗಳಲ್ಲಿ ಅದು ಚಳಿಗಾಲದ ಕಾಯಿಲೆ. ಭಾರತದಲ್ಲಿ ಎರಡು ಏರು: ಜನವರಿಯಿಂದ ಮಾರ್ಚ್‌ವರೆಗೆ ಒಂದು, ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಇನ್ನೊಂದು. ಕಾಶ್ಮೀರದ ಕಡೆ ಚಳಿಗಾಲದ್ದು ಜೋರು, ದಕ್ಷಿಣದ ಬಹುಪಾಲು ಕಡೆ ಮಳೆಗಾಲದ್ದು. ಜುಲೈ–ಆಗಸ್ಟ್‌ನಲ್ಲಿ ಬಾಗೇಪಲ್ಲಿಯಿಂದಲೋ ಚಿಂತಾಮಣಿಯಿಂದಲೋ ಬೆಂಗಳೂರಿಗೆ ಹೋಗುವ ಬೆಳಗಿನ ಬಸ್ಸನ್ನು ನೋಡಿ. ಮಳೆಗೆಂದು ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಗಾಜಿನ ಮೇಲೆ ಉಸಿರಿನ ಹಬೆ ಕಟ್ಟಿರುತ್ತದೆ, ಹಿಂದಿನ ಸೀಟಿನಿಂದ ಕೆಮ್ಮು. ವೈರಾಣುವಿಗೆ ಇದಕ್ಕಿಂತ ಒಳ್ಳೆಯ ವಾಹನ ಬೇಕೇ?

ಸೂಜಿ ಚುಚ್ಚಿದ ಮೇಲೆ ಪ್ರತಿಕಾಯಗಳು ಸಾಕಷ್ಟು ಏರಲು ಸುಮಾರು ಎರಡು ವಾರ ಬೇಕು. ಆರು ತಿಂಗಳು ಕಳೆಯುವಷ್ಟರಲ್ಲಿ ಅವು ಗಣನೀಯವಾಗಿ ಇಳಿದಿರುತ್ತವೆ. ಟಿವಿಯಲ್ಲಿ ವಿದೇಶದ ಸುದ್ದಿ ನೋಡಿ ಅಕ್ಟೋಬರಿನಲ್ಲಿ ಹಾಕಿಸಿಕೊಂಡವರಿಗೆ ಜನವರಿಯ ಏರಿಗೆ ರಕ್ಷಣೆ ಸಿಗುತ್ತದೆ, ಆದರೆ ಮುಂದಿನ ಜುಲೈ ಬರುವಷ್ಟರಲ್ಲಿ ಒಂಬತ್ತು ತಿಂಗಳಾಗಿರುತ್ತದೆ. ನಮ್ಮ ದೊಡ್ಡ ಏರು ಬರುವುದೇ ಆಗ. ಆದ್ದರಿಂದಲೇ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಕೂಡ ಮುಂಗಾರಿಗೆ ಮೊದಲು, ಆ ಹೊತ್ತಿಗೆ ಸಿಗುವ ಅತಿ ಹೊಸ ತಳಿಯ ಲಸಿಕೆ ಹಾಕಿಸಿ ಎನ್ನುತ್ತದೆ.

ಮುಂಗಾರಿಗೆ ಮೊದಲು, ಏಪ್ರಿಲ್–ಮೇನಲ್ಲಿ ಸಿಗುವ ಹೊಸ ಮಾಲು ಯಾವುದು? ಹಿಂದಿನ ಸೆಪ್ಟೆಂಬರಿನಲ್ಲಿ ಆರಿಸಿದ ದಕ್ಷಿಣ ಗೋಳಾರ್ಧದ ಲಸಿಕೆ. ಅದೇ ಹೊತ್ತಿಗೆ ಅಂಗಡಿಗಳಲ್ಲಿ ಉಳಿದಿರುವ ಉತ್ತರ ಗೋಳಾರ್ಧದ್ದು ಅದಕ್ಕೂ ಹಿಂದಿನ ಫೆಬ್ರವರಿಯ ಆಯ್ಕೆ, ಅವಧಿಯೂ ಸಾಮಾನ್ಯವಾಗಿ ಮುಗಿಯುತ್ತ ಬಂದಿರುತ್ತದೆ. ಒಮ್ಮೆ ಸಗಟು ವ್ಯಾಪಾರಿಯೊಬ್ಬರು ಮೇ ತಿಂಗಳಲ್ಲಿ ಅಂಥ ಹಳೆಯ ಮಾಲನ್ನು ಭಾರೀ ರಿಯಾಯಿತಿಗೆ ನನಗೆ ಸಾಗಹಾಕಲು ನೋಡಿದ್ದರು. “ಅವಧಿ ಜೂನ್‌ವರೆಗೆ ಇದೆಯಲ್ಲ” ಎಂಬುದು ಅವರ ವಾದ. ಅವಧಿ ಇತ್ತು, ನಿಜ. ಮಳೆಗಾಲದ ವೈರಾಣು ಅವಧಿಯ ಮುದ್ರೆ ಓದುವುದಿಲ್ಲವಲ್ಲ. ನಿಮಗೂ ಯಾರಾದರೂ ಮೇ ತಿಂಗಳಲ್ಲಿ ಅರ್ಧ ಬೆಲೆಗೆ ಫ್ಲೂ ಲಸಿಕೆ ಕೊಡುತ್ತೇನೆಂದರೆ ಪೆಟ್ಟಿಗೆಯ ಮೇಲೆ ಯಾವ ಋತುವಿನದೆಂದು ಬರೆದಿದೆ ನೋಡಿ. ‘ಎಸ್‌ಎಚ್’ ಮತ್ತು ಈ ವರ್ಷದ ಸಂಖ್ಯೆ ಇದ್ದರೆ ದಕ್ಷಿಣದ್ದು, ಹೊಸದು. ‘ಎನ್‌ಎಚ್’ ಜೊತೆಗೆ ಹೋದ ವರ್ಷ–ಈ ವರ್ಷ ಎಂದು ಜೋಡಿ ಸಂಖ್ಯೆ ಇದ್ದರೆ ಹಳೆಯದು.

ಒಂದು ವಿನಾಯಿತಿ ಇದೆ. ಕೆಲವು ವರ್ಷ ಎರಡರ ತಳಿಗಳೂ ಒಂದೇ ಆಗಿರುತ್ತವೆ. 2025ರ ದಕ್ಷಿಣದ ಲಸಿಕೆಯಲ್ಲೂ 2025–26ರ ಉತ್ತರದ ಲಸಿಕೆಯಲ್ಲೂ ಇದ್ದದ್ದು ಎಚ್1ಎನ್1 ಸಾಲಿನ ಅದೇ ಎ/ವಿಕ್ಟೋರಿಯಾ/4897/2022, ಅದೇ ಕ್ರೊಯೇಷಿಯಾ, ಅದೇ ಆಸ್ಟ್ರಿಯಾ. ಅಂಥ ವರ್ಷ ದಿಕ್ಕಿಗೆ ಬೆಲೆ ಇಲ್ಲ, ಹಾಕಿಸಿಕೊಳ್ಳುವ ತಿಂಗಳಿಗೆ ಮಾತ್ರ ಬೆಲೆ. ಹೆಸರುಗಳನ್ನು ಓದಲು ಕಲಿತವರಿಗೆ ಇದು ಒಂದು ನಿಮಿಷದ ಕೆಲಸ.

ಇನ್ನು ವೃದ್ಧರನ್ನು ಕರೆದುಕೊಂಡು ಡಿಸೆಂಬರಿನಲ್ಲಿ ದೆಹಲಿಗೋ ಅಮೆರಿಕದ ಮಗಳ ಮನೆಗೋ ಹೊರಟವರು ಈ ಸಲಹೆಯನ್ನು ತಿರುಗಿಸಿ ಓದಿಕೊಳ್ಳಬೇಕು. ಅವರಿಗೆ ಸೆಪ್ಟೆಂಬರ್–ಅಕ್ಟೋಬರಿನ ಉತ್ತರದ ಲಸಿಕೆಯೇ ಸರಿ.

ಮೂರರದ್ದೋ ನಾಲ್ಕರದ್ದೋ

ಮೂರರ ಲಸಿಕೆಯಲ್ಲಿ ಎಚ್1ಎನ್1, ಎಚ್3ಎನ್2 ಮತ್ತು ಬಿ ವಿಕ್ಟೋರಿಯಾ ಇರುತ್ತವೆ. ನಾಲ್ಕರದ್ದರಲ್ಲಿ ಬಿ ಯಮಗಾಟ ಎಂಬ ಇನ್ನೊಂದು ವಂಶ ಸೇರುತ್ತದೆ. ಒಂದು ಕಾಲಕ್ಕೆ ಇದು ನ್ಯಾಯವಾದ ಸೇರ್ಪಡೆ. ಯಾವ ವರ್ಷ ಯಾವ ‘ಬಿ’ ಬರುತ್ತದೆಂದು ಊಹಿಸುವುದು ಕಷ್ಟವಾಗಿದ್ದಾಗ ಎರಡನ್ನೂ ಹಾಕಿಬಿಟ್ಟರು. ಆಮೇಲೆ ಕೋವಿಡ್ ಬಂತು, ಜಗತ್ತು ಬಾಗಿಲು ಹಾಕಿಕೊಂಡಿತು. ಆ ಬೀಗಮುದ್ರೆಯಲ್ಲಿ ಯಮಗಾಟ ವಂಶ ಸಿಕ್ಕಿಬಿತ್ತು. 2020ರ ಮಾರ್ಚ್ ನಂತರ ಜಗತ್ತಿನ ಯಾವ ಮೂಲೆಯಲ್ಲೂ ಅದರ ಸಹಜ ಸೋಂಕು ದೃಢಪಟ್ಟಿಲ್ಲ. 2023ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಇನ್ನು ಇದು ಬೇಕಿಲ್ಲ, ಆದಷ್ಟು ಬೇಗ ಕೈಬಿಡಿ ಎಂದರು. 2024–25ರ ಋತುವಿಗೆ ಅಮೆರಿಕದ ಲಸಿಕೆಗಳೆಲ್ಲ ಮೂರರದ್ದಾದವು.

ಹಾಗಿದ್ದೂ ನಮ್ಮಲ್ಲಿ ನಾಲ್ಕರ ಪೆಟ್ಟಿಗೆಗಳು ಕಾಣಿಸುತ್ತಿವೆ, ಅದೇ ಉತ್ತಮ ಎಂಬ ನಂಬಿಕೆಯೂ ಹಾಗೆಯೇ ಇದೆ. ನಾಲ್ಕನೆಯ ಸಾಲನ್ನು ಓದಿ: ಬಿ/ಫುಕೆಟ್/3073/2013. ಕಾಣೆಯಾದ ವಂಶದ ಹದಿಮೂರರ ಸಾಲಿನ ಪ್ರತಿನಿಧಿ. ಅದರಿಂದ ನಿಮಗೆ ತೊಂದರೆ ಏನೂ ಇಲ್ಲ, ಪ್ರಯೋಜನವೂ ಇಲ್ಲ.

ಆದ್ದರಿಂದ ನನ್ನ ತೀರ್ಪು ಸರಳ. ಒಂದೇ ಋತುವಿನ ಮೂರರದ್ದೂ ನಾಲ್ಕರದ್ದೂ ಎದುರಿಗಿದ್ದರೆ ಅಗ್ಗದ್ದನ್ನು ತೆಗೆದುಕೊಳ್ಳಿ. ಈ ವರ್ಷದ ಮೂರರದ್ದೂ ಹೋದ ವರ್ಷದ ನಾಲ್ಕರದ್ದೂ ಇದ್ದರೆ ಕಣ್ಣುಮುಚ್ಚಿ ಮೂರರದ್ದು. ಈ ವರ್ಷದ್ದು ನಾಲ್ಕರದ್ದು ಮಾತ್ರ ಸಿಗುತ್ತದೆ ಎಂದಾದರೆ ಅದನ್ನೇ ಹಾಕಿಸಿ, ಮೂರರದ್ದಕ್ಕಾಗಿ ಊರೂರು ಅಲೆಯಬೇಡಿ.

ಸೂಜಿ, ಮೂಗು, ಮೊಟ್ಟೆ

ನಮ್ಮ ಕಡೆ ಸಾಮಾನ್ಯವಾಗಿ ಸಿಗುವುದು ಮೊಟ್ಟೆಯಲ್ಲಿ ಬೆಳೆಸಿ, ನಿಷ್ಕ್ರಿಯಗೊಳಿಸಿದ ವೈರಾಣುವಿನ ಸೂಜಿ ಲಸಿಕೆ. ಮೊಟ್ಟೆಗೂ ಒಂದು ಕುಂದು ಇದೆ. ಕೋಳಿಯ ಕೋಶದ ಮೇಲಿನ ಹಿಡಿಕೆ ಮನುಷ್ಯನ ಗಂಟಲಿನದ್ದಕ್ಕಿಂತ ಬೇರೆ ಆಕಾರದ್ದು. ಅಲ್ಲಿ ಬೆಳೆಯಬೇಕಾದ ಮನುಷ್ಯರ ವೈರಾಣು ಆ ಹಿಡಿಕೆಗೆ ಒಗ್ಗಿಕೊಳ್ಳುತ್ತ ತಾನೇ ಸ್ವಲ್ಪ ಬದಲಾಗುತ್ತದೆ. 2016–17ರ ಎಚ್3ಎನ್2 ಲಸಿಕೆಯಲ್ಲಿ ಆದದ್ದು ಇದೇ. ಊರಲ್ಲಿ ಹರಡುತ್ತಿದ್ದ ವೈರಾಣುವಿನ 160ನೆಯ ಸ್ಥಾನದ ಬಳಿ ಒಂದು ಸಕ್ಕರೆಯ ಹೊದಿಕೆ ಇತ್ತು, ಮೊಟ್ಟೆಯಲ್ಲಿ ಬೆಳೆದದ್ದು ಅದನ್ನು ಕಳೆದುಕೊಂಡಿತ್ತು. ಲಸಿಕೆ ಕಲಿಸಿದ ಚಹರೆ ಒಂದು, ಬಂದ ಕಳ್ಳನ ಚಹರೆ ಇನ್ನೊಂದು. ಕೋಶಗಳಲ್ಲಿ ಬೆಳೆಸಿದ ಲಸಿಕೆ, ಪ್ರೋಟೀನನ್ನು ಮಾತ್ರ ತಯಾರಿಸಿ ಮಾಡಿದ ಲಸಿಕೆ ಇವುಗಳಲ್ಲಿ ಈ ಕುಂದು ಇಲ್ಲ.

65 ದಾಟಿದವರಿಗೆಂದೇ ನಾಲ್ಕು ಪಟ್ಟು ಪ್ರಮಾಣದ ಲಸಿಕೆಯೂ ಹೊರಗೆ ಬಳಕೆಯಲ್ಲಿದೆ. ಅಮೆರಿಕ–ಕೆನಡಾಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ವೃದ್ಧರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಮಾಮೂಲಿ ಪ್ರಮಾಣದ್ದಕ್ಕಿಂತ ಶೇ 24ರಷ್ಟು ಹೆಚ್ಚು ಪರಿಣಾಮಕಾರಿ ಎಂದು ಕಂಡಿತು. ಚಿಕ್ಕಬಳ್ಳಾಪುರದ ಔಷಧಿ ಅಂಗಡಿಯಲ್ಲಿ ಇವನ್ನು ಕೇಳಿದರೆ ಸಿಗುವುದು ನಗು ಮಾತ್ರ. ಸಿಗದ್ದಕ್ಕೆ ಕಾಯುತ್ತ ಕೂತು ಸಿಗುವುದನ್ನು ಬಿಡಬೇಡಿ ಎಂಬುದಕ್ಕಷ್ಟೇ ಈ ಪ್ರಸ್ತಾಪ.

ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ಇರುವುದು ದುರ್ಬಲಗೊಳಿಸಿದ ಜೀವಂತ ವೈರಾಣು. ಸೂಜಿ ಕಂಡರೆ ಮನೆ ತಲೆಕೆಳಗು ಮಾಡುವ ಮಕ್ಕಳಿಗೆ ಇದು ವರವೇ ಸರಿ. ಆದರೆ ಎರಡು ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಸಲ್ಲದು. ಉಬ್ಬಸದ ಮಕ್ಕಳಿಗೂ ನಾನು ಬೇಡವೆನ್ನುತ್ತೇನೆ. ಇದರ ಚರಿತ್ರೆಯೂ ಏರುಪೇರಿನದು: ಎಚ್1ಎನ್1 ವಿರುದ್ಧ ಕಳಪೆಯಾಗಿ ಕಂಡಿತೆಂದು ಅಮೆರಿಕದಲ್ಲಿ 2016ರಿಂದ ಎರಡು ಋತು ಇದನ್ನು ಶಿಫಾರಸಿನಿಂದ ತೆಗೆದಿದ್ದರು, ಆ ತಳಿಯನ್ನು ಬದಲಿಸಿದ ಮೇಲೆ ಮತ್ತೆ ಸೇರಿಸಿದರು. ಗೌರಿಬಿದನೂರಿನ ತಾಯಿಗೆ ನನ್ನ ಉತ್ತರ: ಮಗು ಎರಡು ದಾಟಿದೆ, ಉಬ್ಬಸವಿಲ್ಲ, ಈ ವರ್ಷದ ಮಾಲು ಕೈಗೆ ಸಿಗುತ್ತದೆ, ಈ ಮೂರೂ ಕೂಡಿಬಂದರೆ ಮೂಗಿನದು ಆಗಬಹುದು. ಇಲ್ಲವಾದರೆ ಸೂಜಿ. ಐದು ನಿಮಿಷದ ಅಳುವಿಗೆ ಹೆದರಿ ಜುಲೈವರೆಗೆ ಹುಡುಕುತ್ತ ಕೂರುವುದು ಬೇಡ.

ಮೊಟ್ಟೆಯ ಅಲರ್ಜಿ ಇದ್ದವರೂ ಹಾಕಿಸಿಕೊಳ್ಳಬಹುದು, ವೈದ್ಯರಿಗೆ ಮೊದಲೇ ಹೇಳಿರಿ. ಹಿಂದೆ ಫ್ಲೂ ಲಸಿಕೆಗೇ ತೀವ್ರ ಅಲರ್ಜಿ ಆಗಿದ್ದರೆ ಅದು ಬೇರೆ ಮಾತು.

ಯಾವ ಬಗೆಯದ್ದಾದರೂ ಅಂಗಡಿಯ ಫ್ರಿಜ್ ನೋಡಿ ಕೊಳ್ಳಿ. ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಬಿಸಿಯಾದರೂ ಕೆಟ್ಟಿತು, ಹೆಪ್ಪುಗಟ್ಟಿದರೂ ಕೆಟ್ಟಿತು. ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಇನ್ವರ್ಟರ್ ಇದೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಕೊಂಡ ಮೇಲೆ ಐಸ್ ಪ್ಯಾಕ್ ಜೊತೆ ಒಯ್ಯಿರಿ, ನೇರ ಐಸಿಗೆ ತಾಗಿಸಿ ಇಡಬೇಡಿ, ಸಂತೆ ಮುಗಿಸಿಕೊಂಡು ಕ್ಲಿನಿಕ್ಕಿಗೆ ಹೋಗುವ ಯೋಚನೆಯೂ ಬೇಡ.

‘ಬಂದ ಮೇಲೆ ಮಾತ್ರೆ ನುಂಗಿದರಾಯಿತು’

ಲಸಿಕೆಯೇ ಬೇಡ ಎಂಬುದೂ ಒಂದು ಆಯ್ಕೆ. ಇಪ್ಪತ್ತೈದರ ಗಟ್ಟಿಮುಟ್ಟಾದ ಯುವಕ, ಮನೆಯಲ್ಲಿ ಮುದುಕರಿಲ್ಲ, ಕೂಸಿಲ್ಲ ಎಂದರೆ ನಾನು ಒತ್ತಾಯಿಸುವುದಿಲ್ಲ. ಮೂರು–ನಾಲ್ಕು ದಿನ ಮೈಕೈ ನೋವಿನಲ್ಲಿ ಮಲಗಿ ಏಳುತ್ತಾನೆ, ಅಷ್ಟು ದಿನದ ಕೂಲಿ ಹೋಗುತ್ತದೆ. ಆ ಲೆಕ್ಕ ಅವನಿಗೆ ಬಿಟ್ಟದ್ದು.

ಆದರೆ ಮಾತ್ರೆಯನ್ನು ನಂಬಿ ಲಸಿಕೆ ಬಿಡುವವರು ಒಂದು ಸಂಗತಿ ತಿಳಿದಿರಬೇಕು. ಓಸೆಲ್ಟಾಮಿವಿರ್ ಎಂಬ ಫ್ಲೂ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಜ್ವರ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ. ನಮ್ಮವರು ಮೊದಲ ದಿನ ಕಷಾಯ ಕುಡಿಯುತ್ತಾರೆ, ಎರಡನೆಯ ದಿನ ಅಂಗಡಿಗೆ ಬಂದು ‘ಜ್ವರಕ್ಕೆ ಏನಾದರೂ ಕೊಡಿ’ ಎನ್ನುತ್ತಾರೆ, ಮೂರನೆಯ ದಿನ ವೈದ್ಯರ ಬಳಿ ಹೋಗುತ್ತಾರೆ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ವೈದ್ಯರ ಚೀಟಿ ಇಲ್ಲದೆ ನಾನು ಅದನ್ನು ಕೊಡುವಂತೆಯೂ ಇಲ್ಲ. ಕೇಳಿ ಪಡೆಯುವ ಆಂಟಿಬಯೋಟಿಕ್ ಅಂತೂ ವೈರಾಣುವಿಗೆ ಏನೂ ಮಾಡುವುದಿಲ್ಲ.

ವೈರಾಣು ಮಾತ್ರೆಯ ಎದುರೂ ಬದಲಾಗುತ್ತದೆ. ಅಮಾಂಟಡಿನ್ ಎಂಬ ಹಳೆಯ ಔಷಧಿಯನ್ನು ಈಗ ಫ್ಲೂಗೆ ಬಳಸುವುದೇ ಇಲ್ಲ, ಓಡಾಡುತ್ತಿರುವ ‘ಎ’ ವೈರಾಣುಗಳೆಲ್ಲ ಹೆಚ್ಚುಕಡಿಮೆ ಅದಕ್ಕೆ ಜಗ್ಗದಂತಾಗಿವೆ. 2008–09ರ ಹೊತ್ತಿಗೆ ಅಂದಿನ ಎಚ್1ಎನ್1 ಓಸೆಲ್ಟಾಮಿವಿರ್‌ಗೂ ಬಗ್ಗದಂತಾಗಿ ಲೋಕವೆಲ್ಲ ಹರಡಿತ್ತು. ನಮ್ಮ ಅದೃಷ್ಟವೋ ದುರದೃಷ್ಟವೋ, 2009ರಲ್ಲಿ ಹಂದಿಗಳಿಂದ ಬಂದ ಹೊಸ ಎಚ್1ಎನ್1 ಅದನ್ನು ಮೂಲೆಗೊತ್ತಿತು. ಹೊಸದು ಬಹುತೇಕ ಮಾತ್ರೆಗೆ ಬಗ್ಗುತ್ತದೆ. ಮಾತ್ರೆಯನ್ನು ಲಸಿಕೆಯ ಬದಲಿಗೆ ಎಣಿಸದೆ, ಲಸಿಕೆ ಸೋತಾಗಿನ ಎರಡನೆಯ ಸಾಲು ಎಂದು ಇಟ್ಟುಕೊಳ್ಳುವುದು ಒಳ್ಳೆಯದು.

ಕೋಳಿ ಜ್ವರಕ್ಕೂ ಇದೇ ಸಾಕೇ?

2025ರ ಫೆಬ್ರವರಿಯ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯ ಕೋಳಿಗಳಲ್ಲಿ ಎಚ್5ಎನ್1 ದೃಢಪಟ್ಟ ಮೇಲೆ ಫಾರಂಗಳಲ್ಲಿ ಕೆಲಸ ಮಾಡುವವರು ಇದನ್ನು ಕೇಳುತ್ತಿದ್ದಾರೆ. ಸಾಕಾಗದು. ಋತುಮಾನದ ಲಸಿಕೆ ಎಚ್5ಎನ್1ನ್ನು ತಡೆಯುವುದಿಲ್ಲ. ಆದರೂ ಫಾರಂ ಕೆಲಸದವರಿಗೆ ಇದನ್ನು ಹಾಕಿಸುವುದರಲ್ಲಿ ಒಂದು ಅರ್ಥವಿದೆ. ಎಂಟು ತುಂಡುಗಳೆಂದೆನಲ್ಲ, ಒಂದೇ ದೇಹದ ಒಂದೇ ಕೋಶಕ್ಕೆ ಮನುಷ್ಯರ ಫ್ಲೂ ಮತ್ತು ಹಕ್ಕಿಯ ಫ್ಲೂ ಎರಡೂ ಹೊಕ್ಕರೆ ಆ ತುಂಡುಗಳು ಅದಲುಬದಲಾಗಿ ಮೂರನೆಯದೇ ಒಂದು ಹುಟ್ಟಬಹುದು. 1957, 1968, 2009ರ ಮಹಾಮಾರಿಗಳ ಹಿಂದೆ ಇಂಥ ಅದಲುಬದಲೇ ಇತ್ತು. ಮನುಷ್ಯರ ಫ್ಲೂ ತಗಲದಂತೆ ನೋಡಿಕೊಂಡರೆ ಆ ಭೇಟಿಯ ಸಾಧ್ಯತೆ ಕಡಿಮೆ. ಕೋಳಿ ಜ್ವರಕ್ಕೆ ಕೈಗವಸು, ಮಾಸ್ಕ್, ಸತ್ತ ಕೋಳಿಯನ್ನು ಮುಟ್ಟದೆ ಪಶುವೈದ್ಯ ಇಲಾಖೆಗೆ ತಿಳಿಸುವುದು, ಇವೇ ದಾರಿ.

ಐವರಲ್ಲಿ ಯಾರಿಗೆ?

ಈಗ ಟೊಮೆಟೊ ಬೆಳೆಗಾರರ ಪ್ರಶ್ನೆಗೆ ಬರೋಣ. ಫ್ಲೂ ಲಸಿಕೆ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲ. ಜೇಬಿನಿಂದಲೇ ಕೊಡಬೇಕು. ಡೋಸಿಗೆ ಒಂದೂವರೆ ಸಾವಿರದಿಂದ ಎರಡೂವರೆ ಸಾವಿರದ ಆಸುಪಾಸು, ಹಾಕುವವರ ಶುಲ್ಕ ಬೇರೆ. ಅವರ ಮನೆಯಲ್ಲಿ ಎಪ್ಪತ್ತು ದಾಟಿದ ಅಪ್ಪನಿಗೆ ಸಕ್ಕರೆ ಕಾಯಿಲೆ, ಅಮ್ಮ ಆರೋಗ್ಯವಾಗಿದ್ದಾರೆ, ಗಂಡ ಹೆಂಡತಿ, ನಾಲ್ಕು ವರ್ಷದ ಮಗಳು.

ಒಂದೇ ಡೋಸಿಗೆ ಹಣವಿದ್ದರೆ ಅಪ್ಪನಿಗೆ. ಎಚ್3ಎನ್2 ಜೋರಾದ ವರ್ಷಗಳ ಭಾರ ಬೀಳುವುದು ಹೆಚ್ಚಾಗಿ ವೃದ್ಧರ ಮೇಲೆ. ಅದಕ್ಕೊಂದು ಕಾರಣ ವಯಸ್ಸು, ಇನ್ನೊಂದು ವೈರಾಣುವಿನ ಚರಿತ್ರೆ. ಎಚ್3ಎನ್2 ಮನುಷ್ಯರಲ್ಲಿ ಕಾಣಿಸಿಕೊಂಡದ್ದು 1968ರಲ್ಲಿ. ಅದಕ್ಕೆ ಮೊದಲು ಹುಟ್ಟಿದವರು ಬಾಲ್ಯದಲ್ಲಿ ಎದುರಿಸಿದ ಮೊದಲ ಫ್ಲೂ ಬೇರೆಯದು, ಮತ್ತು ದೇಹ ಆ ಮೊದಲ ಪಾಠವನ್ನೇ ಹೆಚ್ಚು ನೆನಪಿಟ್ಟುಕೊಳ್ಳುತ್ತದೆ. ವೃದ್ಧರಲ್ಲಿ ಲಸಿಕೆಯ ಫಲ ಕಡಿಮೆ ಎಂಬ ಮಾತು ಸುಳ್ಳಲ್ಲ. ಆದರೆ ಅಪಾಯ ಹಲವು ಪಟ್ಟು ಇರುವ ಕಡೆ ಅರ್ಧ ರಕ್ಷಣೆಯೂ ದೊಡ್ಡದು. ಮನೆಯಲ್ಲಿ ಗರ್ಭಿಣಿ ಇದ್ದಿದ್ದರೆ ನಾನು ಅವರನ್ನು ಅಪ್ಪನಿಗಿಂತ ಮೊದಲು ಹೆಸರಿಸುತ್ತಿದ್ದೆ. ಗರ್ಭಿಣಿಗೆ ಫ್ಲೂ ತೀವ್ರವಾಗುವ ಅಪಾಯ ಹೆಚ್ಚು, ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆಯೇ ಇಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳೇ ಅದಕ್ಕೆ ಆಸರೆ. ಗರ್ಭಿಣಿಗೆ ಸೂಜಿ ಲಸಿಕೆ ಮಾತ್ರ, ಹೆರಿಗೆ ವೈದ್ಯರನ್ನು ಕೇಳಿ.

ಇನ್ನೂ ಹಣ ಒದಗಿದರೆ ಮಗಳಿಗೆ. ಇಲ್ಲಿ ಒಂದು ಲೆಕ್ಕ ತಪ್ಪಬಾರದು: ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಬಾರಿ ಹಾಕಿಸುವಾಗ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಮುಂದಿನ ವರ್ಷಗಳಲ್ಲಿ ಒಂದು ಸಾಕು. ಅಂದರೆ ಮೊದಲ ವರ್ಷದ ಖರ್ಚು ಎರಡು ಪಟ್ಟು, ಮತ್ತು ಮೊದಲ ಸೂಜಿ ಏಪ್ರಿಲ್ ಕೊನೆಗೇ ಆಗಬೇಕು. ಒಂದನ್ನು ಹಾಕಿಸಿ ಎರಡನೆಯದನ್ನು ಮರೆಯುವ ಅಂದಾಜಿದ್ದರೆ ಆ ಹಣದಲ್ಲಿ ಅಜ್ಜಿಗೆ ಹಾಕಿಸಿ. ಮಗುವಿಗೆ ಉಬ್ಬಸವೋ ಹೃದಯದ ತೊಂದರೆಯೋ ಇದ್ದರೆ ಈ ಮಾತು ಅನ್ವಯಿಸದು, ಆಗ ಮಗುವೂ ಅಜ್ಜನ ಸಾಲಿಗೇ ಸೇರುತ್ತದೆ. ಗಂಡ ಹೆಂಡತಿಯದು ಕೊನೆಯ ಸರದಿ. ಇಬ್ಬರಲ್ಲಿ ಒಬ್ಬರು ಆಶಾ ಕಾರ್ಯಕರ್ತೆಯೋ ಆಸ್ಪತ್ರೆ ಕೆಲಸದವರೋ ಆಗಿದ್ದರೆ ಅವರನ್ನು ಮೇಲಕ್ಕೆ ತನ್ನಿ, ಕಾಯಿಲೆ ಮನೆಗೆ ಬರುವ ಬಾಗಿಲು ಅವರೇ.

ಮೇ ತಪ್ಪಿತು, ಜುಲೈ ಬಂತು ಎಂದರೆ? ಮನೆಯಲ್ಲಿ ಯಾರಿಗೂ ಇನ್ನೂ ಫ್ಲೂ ಬಂದಿಲ್ಲವಾದರೆ ಆಗಲೂ ಹಾಕಿಸಬಹುದು, ಏರು ಸೆಪ್ಟೆಂಬರ್‌ವರೆಗೂ ಎಳೆಯುತ್ತದೆ. ಅಕ್ಟೋಬರ್ ದಾಟಿದ ಮೇಲೆ ನೆನಪಾದವರು ಹೊಸ ಉತ್ತರದ ಲಸಿಕೆ ಹಾಕಿಸಿಕೊಂಡು ಜನವರಿಯ ಏರಿಗೆ ಸಿದ್ಧರಾಗಲಿ. ಮುಂದಿನ ಮೇ ತಿಂಗಳಲ್ಲಿ ದಕ್ಷಿಣದ್ದಕ್ಕೆ ಬದಲಾಯಿಸಿಕೊಳ್ಳಲು ಅಡ್ಡಿಯಿಲ್ಲ, ಅಷ್ಟು ಹೊತ್ತಿಗೆ ನಡುವೆ ಬೇಕಾದಷ್ಟು ಅಂತರ ಬಿದ್ದಿರುತ್ತದೆ.